ಒಂದೇ ಕಟ್ಟಡ, ಎರಡು ಶಾಲೆ: ಬಾಡಿಗೆ ಕೊಡೋರು ಯಾರು?

ಬಸ್ಸಲ್ಲಿ ನಿಂತುಕೊಂಡು ಕೇಳ್ತಿರೋರಿಗೂ, ರಾತ್ರಿ ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ಸಂಚಿಕೆ ನ್ಯೂಯಾರ್ಕ್ ನಗರದ ಚಾರ್ಟರ್ ಶಾಲೆಗಳ ಬಗ್ಗೆ. 'ಅಮೆರಿಕದ ಸ್ಕೂಲ್ ಕಥೆ ನಮಗ್ಯಾಕಪ್ಪಾ' ಅಂತ ಸ್ಕಿಪ್ ಮಾಡೋಕೆ ಮುಂಚೆ ಒಂದು ಮಾತು. ಸರ್ಕಾರದ ದುಡ್ಡು ಖಾಸಗಿಯವರು ನಡೆಸೋ ಶಾಲೆಗೆ ಹೋಗಬಹುದಾ? ಹೋದರೆ ಯಾವ ಷರತ್ತಿನ ಮೇಲೆ? ಸೀಟು ಕಮ್ಮಿ ಇದ್ದು ಮಕ್ಕಳು ಜಾಸ್ತಿ ಇದ್ದರೆ ಯಾರಿಗೆ ಕೊಡಬೇಕು? ಈ ಮೂರು ಪ್ರಶ್ನೆ ಬೆಂಗಳೂರಲ್ಲೂ ಇದಾವೆ, ಕಲಬುರಗಿಯಲ್ಲೂ ಇದಾವೆ. ನ್ಯೂಯಾರ್ಕ್‌ನವರು ಈ ಪ್ರಶ್ನೆಗಳ ಮೇಲೆ ಸುಮಾರು 25 ವರ್ಷ ಬೀದಿಯಲ್ಲೂ, ಕೋರ್ಟಲ್ಲೂ, ವಿಧಾನಸಭೆಯಲ್ಲೂ ಜಗಳ ಆಡಿದ್ದಾರೆ.

ನಾನು ಓದಿದ್ದು ಬಿಕಾಂ. ಶಿಕ್ಷಣ ತಜ್ಞ ಅಲ್ಲ. ಹಾಗಾಗಿ ಯಾವ ಶಾಲೆಯಲ್ಲಿ ಪಾಠ ಚೆನ್ನಾಗಿ ಹೇಳಿಕೊಡ್ತಾರೆ ಅನ್ನೋ ವಾದಕ್ಕೆ ನಾನು ಹೆಚ್ಚು ಹೋಗಲ್ಲ. ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು, ಖರ್ಚು ಯಾರ ತಲೆ ಮೇಲೆ ಬಿತ್ತು, ಅಷ್ಟನ್ನ ನೋಡೋಣ. ಎಷ್ಟೋ ಸಲ ಭಾಷಣಕ್ಕಿಂತ ಲೆಕ್ಕದ ಪುಸ್ತಕವೇ ಸತ್ಯ ಹೇಳುತ್ತೆ.

ಮೊದಲು ಹೆಸರಿನ ವಿಷಯ. ಚಾರ್ಟರ್ ಅಂದ್ರೆ ಸನದು, ಅಧಿಕಾರ ಪತ್ರ. ನಮಗೆ ಈ ಪದ ಹೊಸದೇನಲ್ಲ. ಹೈಸ್ಕೂಲ್ ಇತಿಹಾಸದಲ್ಲಿ ಓದಿದ್ದೀವಿ: 1600ರಲ್ಲಿ ಇಂಗ್ಲೆಂಡಿನ ರಾಣಿ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟಿದ್ದು ಚಾರ್ಟರ್. ಆಮೇಲೆ 1813ರ ಚಾರ್ಟರ್ ಕಾಯ್ದೆಯಲ್ಲಿ, ಭಾರತೀಯರ ಶಿಕ್ಷಣಕ್ಕೆ ವರ್ಷಕ್ಕೆ 1 ಲಕ್ಷ ರೂಪಾಯಿ ತೆಗೆದಿಡಬೇಕು ಅನ್ನೋ ಸಾಲು ಬಂತು. ಅಂದ್ರೆ ಒಂದು ಖಾಸಗಿ ಸಂಸ್ಥೆಗೆ ಅಧಿಕಾರ ಕೊಡು, ಜೊತೆಗೆ ಒಂದು ಜವಾಬ್ದಾರಿಯನ್ನೂ ಕಟ್ಟು, ಅವಧಿ ಮುಗಿದಾಗ ಲೆಕ್ಕ ಕೇಳು. ಚಾರ್ಟರ್ ಶಾಲೆಯ ಐಡಿಯಾದ ಒಳಗಿರೋದೂ ಇದೇ.

ಅಮೆರಿಕದಲ್ಲಿ ಈ ಐಡಿಯಾಗೆ ಹೆಸರು ಕೊಟ್ಟವರು ರೇ ಬಡ್ಡಿ ಅನ್ನೋ ಪ್ರಾಧ್ಯಾಪಕರು. ಅದನ್ನ ದೇಶಕ್ಕೆಲ್ಲ ಕೇಳೋ ಹಾಗೆ ಹೇಳಿದ್ದು 1988ರಲ್ಲಿ ಆಲ್ಬರ್ಟ್ ಶಾಂಕರ್. ಶಾಂಕರ್ ಯಾರು ಗೊತ್ತಾ? ಶಿಕ್ಷಕರ ಒಕ್ಕೂಟದ ಅಧ್ಯಕ್ಷರು. ಹೌದು, ಇವತ್ತು ಚಾರ್ಟರ್ ಶಾಲೆಗಳನ್ನ ಅತಿ ಹೆಚ್ಚು ವಿರೋಧಿಸೋ ಶಿಕ್ಷಕರ ಸಂಘಟನೆಗಳ ಕಡೆಯಿಂದಲೇ ಈ ಮಾತು ಶುರುವಾಯ್ತು. ಅವರ ಕಲ್ಪನೆ ಹೀಗಿತ್ತು: ಸರ್ಕಾರಿ ಶಾಲೆಯ ಒಳಗೇ ಒಂದಷ್ಟು ಶಿಕ್ಷಕರು ಸೇರಿಕೊಂಡು, ಹೊಸ ರೀತಿ ಪಾಠ ಮಾಡೋಕೆ ಅನುಮತಿ ತಗೊಳ್ಳಲಿ. ಕೆಲಸ ಮಾಡಿದರೆ ಉಳಿದವರೂ ಕಲೀಲಿ. ಒಂಥರಾ ಪ್ರಯೋಗಶಾಲೆ. ಆದರೆ ಕೆಲವೇ ವರ್ಷಗಳಲ್ಲಿ ಆ ಐಡಿಯಾ ಶಿಕ್ಷಕರ ಕೈಯಿಂದ ಜಾರಿ, ಸ್ಪರ್ಧೆ ಮತ್ತು ಮಾರುಕಟ್ಟೆಯ ಭಾಷೆಗೆ ಹೋಯ್ತು. ಶಾಂಕರ್ ಅವರೇ ಅದರ ಟೀಕಾಕಾರರಾದರು.

1991ರಲ್ಲಿ ಮಿನ್ನೆಸೋಟ ರಾಜ್ಯ ಮೊದಲ ಕಾನೂನು ಮಾಡಿತು. 1992ರಲ್ಲಿ ಸೇಂಟ್ ಪಾಲ್ ನಗರದಲ್ಲಿ ಮೊದಲ ಚಾರ್ಟರ್ ಶಾಲೆ, ಸಿಟಿ ಅಕಾಡೆಮಿ, ಶುರುವಾಯ್ತು. ನ್ಯೂಯಾರ್ಕ್ ಬಂದಿದ್ದು ತಡವಾಗಿ, 1998ರ ಡಿಸೆಂಬರ್‌ನಲ್ಲಿ. ಅಲ್ಲಿನ ಗವರ್ನರ್ ಜಾರ್ಜ್ ಪಟಾಕಿ. (ಹೆಸರು ಕೇಳಿ ನಗಬೇಡಿ, ನಿಜವಾಗಲೂ ಹಾಗೇ.) ಶಾಸಕರಿಗೆ ಹತ್ತು ವರ್ಷದಿಂದ ಸಂಬಳ ಏರಿರಲಿಲ್ಲ. ಪಟಾಕಿ ಅವರಿಗೆ ಚಾರ್ಟರ್ ಕಾನೂನು ಬೇಕಿತ್ತು. ಕೊಡು-ಕೊಳ್ಳು ಆಯ್ತು. ಸಂಬಳವೂ ಏರಿತು, ಕಾನೂನೂ ಪಾಸಾಯ್ತು. ಇಡೀ ರಾಜ್ಯಕ್ಕೆ 100 ಹೊಸ ಶಾಲೆ ಅಂತ ಮಿತಿ. ಮಾರನೇ ವರ್ಷ ಹಾರ್ಲೆಮ್‌ನಲ್ಲಿ ಮೊದಲ ಶಾಲೆ ತೆರೆಯಿತು. ಆ ಮಿತಿ 2007ರಲ್ಲಿ 200 ಆಯ್ತು, 2010ರಲ್ಲಿ 460 ಆಯ್ತು.

ನಿಯಮ ಸರಳ. ಚಾರ್ಟರ್ ಶಾಲೆ ಫೀಸು ತಗೊಳ್ಳೋ ಹಾಗಿಲ್ಲ. ಪ್ರವೇಶ ಪರೀಕ್ಷೆ ಮಾಡೋ ಹಾಗಿಲ್ಲ. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಲಾಟರಿ ಎತ್ತಬೇಕು. ಚಾರ್ಟರ್ ಒಂದು ಸಲಕ್ಕೆ ಗರಿಷ್ಠ ಐದು ವರ್ಷಕ್ಕೆ. ಫಲಿತಾಂಶ ಚೆನ್ನಾಗಿಲ್ಲ ಅಂದ್ರೆ ಮುಚ್ಚಬಹುದು. ಇದಕ್ಕೆ ಬದಲಾಗಿ ಶಿಕ್ಷಕರ ನೇಮಕ, ವೇಳಾಪಟ್ಟಿ, ಪಠ್ಯಕ್ರಮದಲ್ಲಿ ಸ್ವಾತಂತ್ರ್ಯ. ನಡೆಸೋದು ಲಾಭರಹಿತ ಮಂಡಳಿ. ದುಡ್ಡು ಸರ್ಕಾರದ್ದು.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಮಗು ಎಲ್ಲಿ ಹೋಗುತ್ತೋ ದುಡ್ಡು ಅಲ್ಲಿಗೆ ಹೋಗಬೇಕು ಅನ್ನೋದು ಸೂತ್ರ. ತಲೆಗಿಷ್ಟು ಅಂತ ರಾಜ್ಯದ ಸೂತ್ರದ ಪ್ರಕಾರ ಲೆಕ್ಕ ಹಾಕಿ, ನಗರದ ಶಿಕ್ಷಣ ಇಲಾಖೆ ವರ್ಷಕ್ಕೆ ಆರು ಕಂತಿನಲ್ಲಿ ಚಾರ್ಟರ್ ಶಾಲೆಗೆ ಹಣ ಕೊಡುತ್ತೆ. 2010ರ ನಂತರದ ಕೆಲವು ವರ್ಷ ಈ ಮೊತ್ತ ಒಂದು ಮಗುವಿಗೆ 13,527 ಡಾಲರ್‌ನಲ್ಲಿ ನಿಂತುಬಿಟ್ಟಿತ್ತು. ಕೇಳೋಕೆ ನ್ಯಾಯವಾಗಿದೆ ಅನ್ಸುತ್ತೆ ಅಲ್ವಾ? ಆದರೆ ಇದರಲ್ಲಿ ಎರಡು ತೊಡಕು ಇದೆ, ಮತ್ತು ಆ ಎರಡೂ ತೊಡಕು ಎರಡು ಬೇರೆ ಬೇರೆ ಕಡೆಯವರಿಗೆ ನೋವು ಕೊಡುತ್ತೆ.

ಮೊದಲನೇದು ಸರ್ಕಾರಿ ಶಾಲೆಯ ಕಷ್ಟ. ಕಾಸ್ಟ್ ಅಕೌಂಟಿಂಗ್ ಓದಿದವರಿಗೆ ಸ್ಥಿರ ವೆಚ್ಚ, ಬದಲಾಗೋ ವೆಚ್ಚ ಅನ್ನೋದು ನೆನಪಿರುತ್ತೆ. ಒಂದು ತರಗತಿಯಲ್ಲಿ 25 ಮಕ್ಕಳಿದ್ದಾರೆ ಅಂದ್ಕೊಳ್ಳಿ. ಮೂರು ಮಕ್ಕಳು ಚಾರ್ಟರ್ ಶಾಲೆಗೆ ಹೋದರು. ಮೂರು ಮಕ್ಕಳ ದುಡ್ಡೂ ಹೋಯ್ತು. ಆದರೆ ಟೀಚರ್ ಸಂಬಳ ಕಮ್ಮಿ ಆಗಲ್ಲ. ಚಳಿಗಾಲದಲ್ಲಿ ಆ ಕೋಣೆ ಬಿಸಿ ಮಾಡೋ ಖರ್ಚು ಕಮ್ಮಿ ಆಗಲ್ಲ. ಕಾವಲುಗಾರ, ಗುಮಾಸ್ತ, ಹೆಡ್‌ಮಾಸ್ಟರ್ ಎಲ್ಲರೂ ಇರಲೇಬೇಕು. ಬಂದ ದುಡ್ಡು ಕಮ್ಮಿ, ಆಗೋ ಖರ್ಚು ಹೆಚ್ಚುಕಮ್ಮಿ ಅಷ್ಟೇ. ಹಾಗಾದಾಗ ಮೊದಲು ಕತ್ತರಿ ಬೀಳೋದು ಸಂಗೀತದ ಮೇಷ್ಟ್ರ ಮೇಲೆ, ಲೈಬ್ರರಿ ಮೇಲೆ. ಅಲ್ಲೇ ಉಳಿದ 22 ಮಕ್ಕಳು ಯಾವ ತಪ್ಪೂ ಮಾಡಿರಲಿಲ್ಲ.

ಎರಡನೇದು ಚಾರ್ಟರ್ ಶಾಲೆಯ ಕಷ್ಟ. ಆ ತಲಾ ಮೊತ್ತದಲ್ಲಿ ಕಟ್ಟಡಕ್ಕೆ ಅಂತ ದುಡ್ಡು ಇರಲಿಲ್ಲ. ಸರ್ಕಾರಿ ಶಾಲೆಗೆ ಕಟ್ಟಡ ನಗರದ್ದೇ. ಚಾರ್ಟರ್ ಶಾಲೆ ಹೊಸದಾಗಿ ಶುರು ಮಾಡಿದರೆ ನ್ಯೂಯಾರ್ಕ್‌ನಂಥ ಊರಲ್ಲಿ ಬಾಡಿಗೆ ಕಟ್ಟಬೇಕು, ಅದೂ ಪಾಠಕ್ಕೆ ಬಂದ ದುಡ್ಡಿನಲ್ಲಿ. ನಮ್ಮಲ್ಲಿ ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಒಂದು ಪುಟ್ಟ ಅಂಗಡಿ ಮಳಿಗೆಗೆ ಅಡ್ವಾನ್ಸ್ ಎಷ್ಟು ಕೇಳ್ತಾರೆ ಅಂತ ನೆನಪು ಮಾಡಿಕೊಂಡರೆ ಅವರ ಪಾಡು ಅರ್ಥ ಆಗುತ್ತೆ.

ಇದಕ್ಕೆ 2002ರಲ್ಲಿ ಮೇಯರ್ ಆದ ಮೈಕಲ್ ಬ್ಲೂಮ್‌ಬರ್ಗ್ ಒಂದು ದಾರಿ ಹುಡುಕಿದರು. ಅದೇ ವರ್ಷ ನಗರದ ಶಾಲೆಗಳ ಹಿಡಿತವೂ ಮೇಯರ್ ಕೈಗೆ ಬಂದಿತ್ತು. ಅವರೂ, ಅವರು ನೇಮಿಸಿದ ಶಾಲಾ ಮುಖ್ಯಸ್ಥ ಜೋಯಲ್ ಕ್ಲೈನ್ ಅವರೂ, ಸರ್ಕಾರಿ ಶಾಲಾ ಕಟ್ಟಡಗಳಲ್ಲಿ ಖಾಲಿ ಇವೆ ಅಂತ ಕಂಡ ಕೋಣೆಗಳನ್ನ ಚಾರ್ಟರ್ ಶಾಲೆಗಳಿಗೆ ಬಾಡಿಗೆ ಇಲ್ಲದೆ ಕೊಡೋಕೆ ಶುರು ಮಾಡಿದರು. ಇದಕ್ಕೆ ಅಲ್ಲಿ ಕೋ-ಲೊಕೇಶನ್ ಅಂತಾರೆ. ನಮ್ಮ ಭಾಷೆಯಲ್ಲಿ ವಠಾರ ಅನ್ನಬಹುದು: ಒಂದೇ ಕಟ್ಟಡ, ಎರಡು ಮೂರು ಸಂಸಾರ, ಒಂದೇ ನಲ್ಲಿ. ಊಟದ ಹಾಲ್ ಯಾರಿಗೆ ಎಷ್ಟು ಗಂಟೆಗೆ, ಜಿಮ್ ಯಾರಿಗೆ ಯಾವ ದಿನ ಅಂತ ಟೈಮ್‌ಟೇಬಲ್. ವಠಾರದಲ್ಲಿ ಬೆಳೆದವರಿಗೆ ಜಗಳ ಎಲ್ಲಿಂದ ಶುರುವಾಗುತ್ತೆ ಅಂತ ಹೇಳಿಕೊಡಬೇಕಿಲ್ಲ.

2010ರಲ್ಲಿ ನಗರದ ಸ್ವತಂತ್ರ ಬಜೆಟ್ ಕಚೇರಿ ಒಂದು ಲೆಕ್ಕ ತೆಗೆದು ಮುಂದಿಟ್ಟಿತು. ಅದರ ಪ್ರಕಾರ, ಸರ್ಕಾರಿ ಕಟ್ಟಡದಲ್ಲಿ ಇರೋ ಚಾರ್ಟರ್ ಶಾಲೆಗೆ ಒಂದು ಮಗುವಿಗೆ ಸಿಗೋ ಸಾರ್ವಜನಿಕ ಹಣ ಸರ್ಕಾರಿ ಶಾಲೆಗಿಂತ ಬರೀ 300 ಡಾಲರ್‌ನಷ್ಟು ಕಮ್ಮಿ. ಸ್ವಂತ ಜಾಗ ನೋಡಿಕೊಂಡ ಚಾರ್ಟರ್ ಶಾಲೆಗೆ ಸುಮಾರು 3,000 ಡಾಲರ್ ಕಮ್ಮಿ. ಗಮನಿಸಿ: ಎರಡೂ ಚಾರ್ಟರ್ ಶಾಲೆಗಳೇ, ಕಾನೂನೂ ಒಂದೇ. ಆದರೆ ಇವೆರಡರ ನಡುವೆ ಒಂದು ಮಗುವಿಗೆ 2,700 ಡಾಲರ್ ಅಂತರ. 300 ಮಕ್ಕಳ ಶಾಲೆ ಅಂತ ಗುಣಿಸಿ ನೋಡಿ, ವರ್ಷಕ್ಕೆ 8 ಲಕ್ಷ ಡಾಲರ್ ದಾಟುತ್ತೆ. ಅಂದ್ರೆ ಚಾರ್ಟರ್ ಶಾಲೆಗೆ ಜಾಸ್ತಿ ಸಿಗುತ್ತಾ ಕಮ್ಮಿ ಸಿಗುತ್ತಾ ಅನ್ನೋ ದೊಡ್ಡ ಚರ್ಚೆಯಲ್ಲಿ, ಎರಡು ಕಡೆಯವರೂ ತಮಗೆ ಬೇಕಾದ ಶಾಲೆಯನ್ನ ಉದಾಹರಣೆ ಕೊಡಬಹುದಿತ್ತು, ಎರಡೂ ಸತ್ಯವೇ ಆಗಿರ್ತಿತ್ತು. ನಿಜವಾದ ಗೆರೆ ಇದ್ದಿದ್ದು ಕೋಣೆ ಸಿಕ್ಕವರು ಮತ್ತು ಸಿಗದವರ ನಡುವೆ. ಕೋಣೆ ಯಾರಿಗೆ ಅನ್ನೋದನ್ನ ನಿರ್ಧರಿಸ್ತಿದ್ದದ್ದು ಮೇಯರ್ ಕೆಳಗಿನ ಇಲಾಖೆ.

ಅದೇ 2010ರ ಕಾನೂನು ತಿದ್ದುಪಡಿಯಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಾಲಿದೆ. ಹಂಚಿಕೊಂಡ ಕಟ್ಟಡದಲ್ಲಿ ಚಾರ್ಟರ್ ಶಾಲೆಯವರು 5,000 ಡಾಲರ್‌ಗಿಂತ ಹೆಚ್ಚು ಖರ್ಚು ಮಾಡಿ ತಮ್ಮ ಭಾಗವನ್ನ ಸರಿ ಮಾಡಿಸಿಕೊಂಡರೆ, ಅದೇ ಕಟ್ಟಡದ ಸರ್ಕಾರಿ ಶಾಲೆಗೂ ಅಷ್ಟೇ ಮೊತ್ತದ ಕೆಲಸ ಆಗಬೇಕು. ಯಾಕೆ ಈ ನಿಯಮ ಬಂತು? ಕೆಲವು ಚಾರ್ಟರ್ ಸಂಸ್ಥೆಗಳಿಗೆ ದಾನಿಗಳ ದುಡ್ಡೂ ಬರ್ತಿತ್ತು. ಹಾಗಾಗಿ ಒಂದೇ ಕಾರಿಡಾರ್‌ನಲ್ಲಿ ಈ ಕಡೆ ಹೊಸ ಬಣ್ಣ, ಆ ಕಡೆ ಹಳೇ ಗೋಡೆ. ಆರು ವರ್ಷದ ಮಗು ದಿನಾ ಆ ಗೆರೆ ದಾಟಿಕೊಂಡು ತನ್ನ ಕ್ಲಾಸಿಗೆ ಹೋಗುತ್ತೆ. ತನ್ನ ಬೆಲೆ ಎಷ್ಟು ಅಂತ ಅದಕ್ಕೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

2011ರಲ್ಲಿ ಜಗಳ ಕೋರ್ಟಿಗೆ ಹೋಯ್ತು. ಶಿಕ್ಷಕರ ಸಂಘದ ಜೊತೆ ದಾವೆ ಹೂಡಿದ್ದು ಎನ್‌ಎಎಸಿಪಿ. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಅದೇ ಹಳೆಯ ಸಂಸ್ಥೆ. 1954ರಲ್ಲಿ ಶಾಲೆಗಳಲ್ಲಿ ಬಿಳಿಯರು-ಕಪ್ಪು ಜನರನ್ನ ಬೇರೆ ಮಾಡೋದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಬಂದ ಬ್ರೌನ್ ಪ್ರಕರಣ ನಡೆಸಿದ್ದು ಅವರ ವಕೀಲರು. ಈಗ ಅವರ ವಾದ: ಒಂದೇ ಕಟ್ಟಡದಲ್ಲಿ ಒಂದು ಶಾಲೆಯ ಮಕ್ಕಳಿಗೆ ಒಂದು ರೀತಿ, ಇನ್ನೊಂದು ಶಾಲೆಯ ಮಕ್ಕಳಿಗೆ ಇನ್ನೊಂದು ರೀತಿ ಮಾಡಬೇಡಿ. ಇದಕ್ಕೆ ವಿರುದ್ಧವಾಗಿ ಹಾರ್ಲೆಮ್‌ನಲ್ಲಿ ಮೆರವಣಿಗೆ ಮಾಡಿದವರು ಯಾರು? ಚಾರ್ಟರ್ ಶಾಲೆಯ ಅಪ್ಪ-ಅಮ್ಮಂದಿರು. ಅವರಲ್ಲಿ ಬಹುಪಾಲು ಕಪ್ಪು ಜನ ಮತ್ತು ಲ್ಯಾಟಿನೋ ಕುಟುಂಬದವರು. ಬ್ರೌನ್ ತೀರ್ಪು ಯಾರ ಮಕ್ಕಳಿಗಾಗಿ ಬಂದಿತ್ತೋ ಅವರ ಮೊಮ್ಮಕ್ಕಳು ಎರಡೂ ಕಡೆ ನಿಂತಿದ್ದರು. ನ್ಯಾಯಾಧೀಶರು ಆ ವರ್ಷದ ಕೋ-ಲೊಕೇಶನ್‌ಗಳಿಗೆ ತಡೆ ಕೊಡಲಿಲ್ಲ. ಆದರೆ ಕೋಣೆಗಳ ಜಗಳ ಅಲ್ಲಿಗೆ ಮುಗೀಲಿಲ್ಲ.

2014. ಬಿಲ್ ಡಿ ಬ್ಲಾಸಿಯೋ ಹೊಸ ಮೇಯರ್. ಕೊಡೋ ಶಕ್ತಿ ಇರೋ ಚಾರ್ಟರ್ ಸಂಸ್ಥೆಗಳು ಬಾಡಿಗೆ ಕೊಡಲಿ ಅಂತ ಚುನಾವಣೆಯಲ್ಲಿ ಹೇಳಿ ಗೆದ್ದವರು. ಎದುರಿಗೆ ಈವಾ ಮಾಸ್ಕೊವಿಟ್ಸ್, ಒಂದು ಕಾಲದಲ್ಲಿ ನಗರಸಭೆ ಸದಸ್ಯೆ, 2006ರಿಂದ ಸಕ್ಸೆಸ್ ಅಕಾಡೆಮಿ ಶಾಲೆಗಳನ್ನ ಕಟ್ಟಿ ಬೆಳೆಸಿದವರು. ಫೆಬ್ರವರಿ ಕೊನೆಯಲ್ಲಿ ಮೇಯರ್ ಕಡೆಯವರು, ಹಿಂದಿನ ಮೇಯರ್ ಕೊಟ್ಟು ಹೋಗಿದ್ದ ಕೋ-ಲೊಕೇಶನ್ ಅನುಮತಿಗಳಲ್ಲಿ ಸಕ್ಸೆಸ್ ಅಕಾಡೆಮಿಯ ಮೂರನ್ನ ರದ್ದು ಮಾಡಿದರು. ಆ ಮೂರರಲ್ಲಿ ಒಂದು ಹಾರ್ಲೆಮ್‌ನ ಪಿಎಸ್ 149 ಅನ್ನೋ ಸರ್ಕಾರಿ ಶಾಲೆಯ ಕಟ್ಟಡ. ಅಲ್ಲಿ ಮೂರನೇ ಶಾಲೆಯೊಂದಿತ್ತು: ವಿಶೇಷ ಅಗತ್ಯವಿರೋ ಮಕ್ಕಳ ಮಿಕಿ ಮ್ಯಾಂಟಲ್ ಶಾಲೆ. ಸಕ್ಸೆಸ್ ಅಲ್ಲಿ ವಿಸ್ತರಿಸಿದರೆ ಆ ಮಕ್ಕಳ ಜಾಗ ಹೋಗುತ್ತೆ ಅನ್ನೋದು ಮೇಯರ್ ಕೊಟ್ಟ ಕಾರಣ. ವಿಸ್ತರಿಸದಿದ್ದರೆ ಸಕ್ಸೆಸ್‌ನ ಸುಮಾರು 200 ಮಕ್ಕಳಿಗೆ ಮುಂದಿನ ವರ್ಷ ಹೋಗೋಕೆ ಕಟ್ಟಡವೇ ಇಲ್ಲ ಅನ್ನೋದು ಈ ಕಡೆಯವರ ಅಳಲು. ಈಗ ಹೇಳಿ, ನೀವು ಮೇಯರ್ ಆಗಿದ್ದರೆ ಏನು ಮಾಡ್ತಿದ್ರಿ? ಇಲ್ಲಿ ವಿಲನ್ ಹುಡುಕೋದು ಸುಲಭ. ಆದರೆ ಕೋಣೆಗಳ ಸಂಖ್ಯೆ ಮಾತ್ರ ಅಷ್ಟೇ ಇರುತ್ತೆ.

ಮಾರ್ಚ್ 4ರಂದು ರಾಜ್ಯದ ರಾಜಧಾನಿ ಆಲ್ಬನಿಯಲ್ಲಿ ಒಂದೇ ದಿನ ಎರಡು ರ್‍ಯಾಲಿ. ಮೇಯರ್ ಅಂಗನವಾಡಿ ವಯಸ್ಸಿನ ಮಕ್ಕಳಿಗೆ ಉಚಿತ ಶಿಕ್ಷಣ ಬೇಕು ಅಂತ ಒಂದು ಕಡೆ. ಇನ್ನೊಂದು ಕಡೆ ಸಕ್ಸೆಸ್ ಅಕಾಡೆಮಿ ತನ್ನ 22 ಶಾಲೆಗಳಿಗೆ ಅವತ್ತು ಬಾಗಿಲು ಹಾಕಿ, ಮಕ್ಕಳನ್ನೂ ಪೋಷಕರನ್ನೂ ಬಸ್ಸಲ್ಲಿ ಕರೆತಂದಿತ್ತು. ಗವರ್ನರ್ ಆಂಡ್ರ್ಯೂ ಕ್ಯುಮೊ, ಮೇಯರ್‌ನ ಪಕ್ಷದವರೇ, ಹೋಗಿ ನಿಂತಿದ್ದು ಚಾರ್ಟರ್ ರ್‍ಯಾಲಿಯಲ್ಲಿ. ತಿಂಗಳು ಕಳೆಯೋದರೊಳಗೆ ರಾಜ್ಯದ ಬಜೆಟ್‌ನಲ್ಲೇ ಹೊಸ ನಿಯಮ ಬಂತು: ಹೊಸದಾಗಿ ಶುರುವಾಗೋ ಅಥವಾ ತರಗತಿ ಹೆಚ್ಚಿಸೋ ಚಾರ್ಟರ್ ಶಾಲೆಗೆ ನ್ಯೂಯಾರ್ಕ್ ನಗರ ಜಾಗ ಕೊಡಬೇಕು, ಇಲ್ಲವೇ ಬಾಡಿಗೆಗೆ ನೆರವು ಕೊಡಬೇಕು. ನೆರವಿನ ಮಿತಿ ಮೊದಲು ತಲಾ ಮೊತ್ತದ ಶೇ. 20, ಆಮೇಲೆ ಶೇ. 30. ಆ ಮೂರು ಶಾಲೆಗಳಿಗೆ ನಗರ ಹಳೆಯ ಕ್ಯಾಥೊಲಿಕ್ ಶಾಲಾ ಕಟ್ಟಡಗಳನ್ನ ಹುಡುಕಿ ಕೊಟ್ಟಿತು. ಬಾಡಿಗೆ ಕೇಳೋಕೆ ಹೋದ ಮೇಯರ್, ಕೊನೆಗೆ ತಾನೇ ಬಾಡಿಗೆ ಕಟ್ಟೋ ಹಾಗಾಯ್ತು.

ಇಲ್ಲಿವರೆಗೆ ದುಡ್ಡು ಮತ್ತು ಕೋಣೆ. ಇನ್ನು ಸಾಲಿನ ವಿಷಯ. ಯಾರಿಗೆ ಸೀಟು?

ಲಾಟರಿ ಅಂದ್ರೆ ಎಲ್ಲರಿಗೂ ಸಮಾನ ಅವಕಾಶ ಅನ್ನೋದು ನಮ್ಮ ಭಾವನೆ. 2010ರಲ್ಲಿ ಬಂದ 'ವೇಟಿಂಗ್ ಫಾರ್ ಸೂಪರ್‌ಮ್ಯಾನ್' ಸಾಕ್ಷ್ಯಚಿತ್ರ ನೋಡಿದವರಿಗೆ ಗೊತ್ತಿರುತ್ತೆ, ತುಂಬಿದ ಹಾಲ್‌ನಲ್ಲಿ ಮಕ್ಕಳ ನಂಬರ್ ಕೂಗ್ತಾರೆ, ಬಂದವರು ಕುಣೀತಾರೆ, ಬರದವರ ಮುಖ ನೋಡೋಕಾಗಲ್ಲ. ಆದರೆ ಲಾಟರಿ ನ್ಯಾಯವಾಗಿರೋದು ಅರ್ಜಿ ಹಾಕಿದವರ ನಡುವೆ ಮಾತ್ರ. ಅರ್ಜಿ ಇದೆ ಅಂತಲೇ ಗೊತ್ತಿಲ್ಲದ ಮನೆ, ಇಂಗ್ಲಿಷ್ ಓದೋಕೆ ಬರದ ಅಮ್ಮ, ಮೂರು ತಿಂಗಳಿಗೊಮ್ಮೆ ಮನೆ ಬದಲಿಸೋ ಕುಟುಂಬ, ಇವರು ಡಬ್ಬಿಯೊಳಗೆ ಚೀಟಿಯನ್ನೇ ಹಾಕಿರಲ್ಲ. ಅದಕ್ಕೇ 2010ರ ತಿದ್ದುಪಡಿಯಲ್ಲಿ ಇನ್ನೊಂದು ಷರತ್ತು ಸೇರಿಸಿದರು: ಅಂಗವೈಕಲ್ಯ ಇರೋ ಮಕ್ಕಳು, ಇಂಗ್ಲಿಷ್ ಕಲೀತಿರೋ ಮಕ್ಕಳು, ಬಡ ಮಕ್ಕಳು, ಇವರನ್ನ ಸೇರಿಸಿಕೊಳ್ಳೋಕೂ ಗುರಿ ಇರಬೇಕು, ಉಳಿಸಿಕೊಳ್ಳೋಕೂ ಗುರಿ ಇರಬೇಕು.

'ಉಳಿಸಿಕೊಳ್ಳೋಕೆ' ಅನ್ನೋ ಪದದ ತೂಕ 2015ರಲ್ಲಿ ಗೊತ್ತಾಯ್ತು. ಸಕ್ಸೆಸ್ ಅಕಾಡೆಮಿಯ ಬ್ರೂಕ್ಲಿನ್‌ನ ಒಂದು ಶಾಲೆಯಲ್ಲಿ, ಹೊರಗೆ ಹೋಗಲೇಬೇಕಾದವರು ಅನ್ನೋ ಅರ್ಥದ ತಲೆಬರಹದಡಿ 16 ಮಕ್ಕಳ ಹೆಸರಿನ ಪಟ್ಟಿ ಇತ್ತು ಅಂತ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಅದು ಒಬ್ಬ ಪ್ರಿನ್ಸಿಪಾಲರ ತಪ್ಪು, ಆಗಲೇ ತಿದ್ದಿದ್ದೀವಿ, ನಮ್ಮ ನೀತಿ ಅದಲ್ಲ ಅಂತ ಸಂಸ್ಥೆ ಹೇಳಿತು. ಅದೇ ಸಂಸ್ಥೆಯ ಮಕ್ಕಳು ರಾಜ್ಯದ ಪರೀಕ್ಷೆಗಳಲ್ಲಿ ಶ್ರೀಮಂತ ಬಡಾವಣೆಗಳ ಶಾಲೆಗಳಿಗೂ ಸಡ್ಡು ಹೊಡೆಯೋ ಅಂಕ ತೆಗೀತಿದ್ದಿದ್ದೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸಬೇಕು. ಸರಾಸರಿ ಅಂಕ ಹೇಳೋವಾಗ ಭಾಗಿಸೋ ಸಂಖ್ಯೆ ಯಾವುದು ಅಂತಲೂ ಕೇಳಬೇಕು. ಒಂದನೇ ಕ್ಲಾಸಿಗೆ ಎಷ್ಟು ಮಕ್ಕಳು ಬಂದರು, ಎಂಟನೇ ಕ್ಲಾಸಿನ ಫೋಟೋದಲ್ಲಿ ಎಷ್ಟು ಮಕ್ಕಳಿದ್ದಾರೆ?

ಇನ್ನು ನಮ್ಮ ಕಡೆ ಒಂದು ನೋಟ. ನಮ್ಮಲ್ಲಿ ಚಾರ್ಟರ್ ಶಾಲೆ ಇಲ್ಲ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 12(1)(ಸಿ) ಇದೆ: ಖಾಸಗಿ ಅನುದಾನರಹಿತ ಶಾಲೆಗಳು ಪ್ರವೇಶ ತರಗತಿಯಲ್ಲಿ ಶೇ. 25 ಸೀಟು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಕೊಡಬೇಕು, ಆ ಮಕ್ಕಳ ಖರ್ಚನ್ನ ಸರ್ಕಾರ ಶಾಲೆಗೆ ಮರಳಿಸಬೇಕು. ಅಲ್ಲೂ ತಲೆಗಿಷ್ಟು ಲೆಕ್ಕ, ಅಲ್ಲೂ ಲಾಟರಿ. ಆಮೇಲೆ ಕರ್ನಾಟಕ ಸರ್ಕಾರ ನಿಯಮ ಬದಲಿಸಿತು. ಪಕ್ಕದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಈ ಹೊಣೆ ಇಲ್ಲ. 2019ರಲ್ಲಿ ಹೈಕೋರ್ಟ್ ಅದನ್ನ ಎತ್ತಿ ಹಿಡಿಯಿತು, ಅರ್ಜಿಗಳ ಸಂಖ್ಯೆ ಕುಸಿದುಬಿತ್ತು. ಖಾಸಗಿಗೆ ದುಡ್ಡು ಕಟ್ಟೋ ಬದಲು ನಮ್ಮ ಶಾಲೆ ಉಳಿಸೋಣ ಅನ್ನೋ ಸರ್ಕಾರದ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಮೇಲೆ ಹೇಳಿದ 22 ಮಕ್ಕಳ ಲೆಕ್ಕವೇ ಅದು. ಆದರೆ ಒಂದು ಬಾಗಿಲು ಮುಚ್ಚುವಾಗ, ಉಳಿದ ದುಡ್ಡು ಇನ್ನೊಂದು ಬಾಗಿಲು ಸರಿಪಡಿಸೋಕೆ ಹೋಯ್ತಾ ಅನ್ನೋ ಲೆಕ್ಕವನ್ನ ಕೇಳೋ ಹಕ್ಕು ಮಾತ್ರ ನಮಗಿದೆ.

ನ್ಯೂಯಾರ್ಕ್ ಎಲ್ಲಿಗೆ ಬಂತು? 2019ರ ಹೊತ್ತಿಗೆ ನಗರದ ಪಾಲಿನ ಮಿತಿ ತುಂಬಿತು. 2023ರಲ್ಲಿ, ಮುಚ್ಚಿಹೋದ ಶಾಲೆಗಳ ಹಳೆಯ ಚಾರ್ಟರ್‌ಗಳಲ್ಲಿ 14ನ್ನ ನಗರಕ್ಕೆ ಮರುಬಳಕೆಗೆ ಬಿಟ್ಟರು. 2023ರ ಹೊತ್ತಿಗೆ ನಗರದಲ್ಲಿ ಸುಮಾರು 275 ಚಾರ್ಟರ್ ಶಾಲೆಗಳು, 1 ಲಕ್ಷ 40 ಸಾವಿರದಷ್ಟು ಮಕ್ಕಳು ಇದ್ದರು. ಗೆದ್ದವರು ಯಾರು ಅಂತ ಹೇಳೋದು ಕಷ್ಟ. ನಗರದ ಬಜೆಟ್‌ನಲ್ಲಿ ಬಾಡಿಗೆಯ ಸಾಲೊಂದು ಕಾಯಂ ಆಗಿ ಉಳಿಯಿತು ಅನ್ನೋದಂತೂ ಖಂಡಿತ.

ನನಗೆ ಈ ಇತಿಹಾಸದಿಂದ ಸಿಕ್ಕಿದ್ದು ಮೂರು ಪ್ರಶ್ನೆ. ಯಾವುದೇ ಊರಲ್ಲಿ, ಯಾವುದೇ ಪಕ್ಷದವರು ಶಾಲೆ ಬಗ್ಗೆ ಹೊಸ ಯೋಜನೆ ಹೇಳಿದಾಗ ಇವನ್ನ ಕೇಳಿ ನೋಡಿ. ಒಂದು, ಮಗು ಹೊರಟಾಗ ದುಡ್ಡು ಹೋಯ್ತು ಸರಿ, ಉಳಿದ ಮಕ್ಕಳ ಸ್ಥಿರ ವೆಚ್ಚ ಯಾರು ಕಟ್ಟುತ್ತಾರೆ? ಎರಡು, ಕೋಣೆ ಹಂಚೋದು ಬರೆದಿಟ್ಟ ನಿಯಮವಾ, ಅಧಿಕಾರದಲ್ಲಿರೋರ ಕೃಪೆಯಾ? ಮೂರು, ಲಾಟರಿ ಡಬ್ಬಿಗೆ ಚೀಟಿಯೇ ಹಾಕದ ಮಗುವನ್ನ ಹುಡುಕಿಕೊಂಡು ಹೋಗೋ ಕೆಲಸ ಯಾರದ್ದು? ಮೊದಲ ಎರಡಕ್ಕೆ ನ್ಯೂಯಾರ್ಕ್ ಕಾನೂನಿನಲ್ಲಿ ಅರ್ಧಂಬರ್ಧ ಉತ್ತರ ಬರೆದಿದೆ. ಮೂರನೇದಕ್ಕೆ ಅಲ್ಲೂ ಇಲ್ಲೂ ಇನ್ನೂ ಹುಡುಕಾಟ ನಡೀತಾನೇ ಇದೆ.

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಯಾರಾದರೂ ಆರ್‌ಟಿಇ ಲಾಟರಿಗೆ ಅರ್ಜಿ ಹಾಕಿದ್ದರೆ, ಏನಾಯ್ತು ಅಂತ ವಾಯ್ಸ್ ನೋಟ್ ಕಳಿಸಿ, ಕೇಳೋಕೆ ಕಾಯ್ತಿರ್ತೀನಿ. ಈ ಸಂಚಿಕೆಯನ್ನ ಒಬ್ಬರು ಟೀಚರ್‌ಗಾದರೂ ಫಾರ್ವರ್ಡ್ ಮಾಡಿ. ಮುಂದಿನ ವಾರ ಸಿಗೋಣ.